ದೀಪ ಹಚ್ಚುವ ಹೊತ್ತು

ಸಂಜೆ ಆರೂವರೆ. ಸಿಂದಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅಣ್ಣ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದಾನೆ. ಕಪ್ಪು ಬಸಿಗೆ ತಾಗಿ ಟಿಕ್ ಟಿಕ್ ಅನ್ನುತ್ತದೆ. ಎಡಗೈ ತಂದು ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಅರ್ಧ ಚಹಾ ಬಸಿಗೆ, ಒಂದಿಷ್ಟು ಟೇಬಲ್ಲಿಗೆ. ಅಂಗಡಿಯ ಹುಡುಗ ಅರಿವೆ ತಂದು ಒರೆಸಿ, ಅಣ್ಣನ ಮುಖ ನೋಡದೆ ಹೋದ. ಆ ಹುಡುಗನ ಮೇಲೆ ನನಗೆ ಆವತ್ತು ಬಂದ ಪ್ರೀತಿ ಇನ್ನೂ ಹೋಗಿಲ್ಲ.

ಬಿಟ್ಟು ಹನ್ನೊಂದು ದಿನ. ಇದು ಮೂರನೇ ಚಹಾ. ನಮ್ಮೂರಿನ ಎರಡು ಬಸ್ಸು ಆಗಲೇ ಹೋದವು.

“ಹೋಗೂಣೇನಣ್ಣಾ?” ಅಂದೆ.

“ಎಂಟು ಹೊಡೀಲಿ ತಮ್ಮಾ. ಎಂಟಕ್ಕ ಅವ ಶಟರ್ ಎಳೀತಾನ. ಆಮ್ಯಾಗ ಹೋಗೂಣು.”

ಅವ ಅಂದರೆ ನಮ್ಮೂರ ಕ್ರಾಸಿನಲ್ಲಿರುವ ಕಿರಾಣಿ ಅಂಗಡಿಯವ. ಎಣ್ಣೆ, ಸಕ್ಕರೆ, ಸಾಬೂನಿನ ಹಿಂದೆ ಅವನ ಹತ್ತಿರ ಮದ್ಯದ ಪಾಕೀಟೂ ಇರುತ್ತದೆ. ಬಸ್ಸಿನಿಂದ ಇಳಿದವ ಮನೆ ಮುಟ್ಟಬೇಕಾದರೆ ಆ ಅಂಗಡಿಯ ಮುಂದೆ ಹಾಯಲೇಬೇಕು. ನಲವತ್ತು ಹೆಜ್ಜೆಯ ದಾರಿ. ಆ ನಲವತ್ತು ಹೆಜ್ಜೆಗಾಗಿ ಅಣ್ಣ ದಿನಾ ಒಂದೂವರೆ ತಾಸು ಚಹಾದಂಗಡಿಯಲ್ಲಿ ಕೂತು ಕಳೆಯುತ್ತಿದ್ದಾನೆ.

ಅಣ್ಣ ನಮ್ಮ ಕಾಕಾನ ಮಗ. ಟ್ರ್ಯಾಕ್ಟರ್ ಹೊಡೆಯುವ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ರಾತ್ರಿಯಿಡೀ ನಿಂತೂ ನಿಂತೂ, ಚಳಿಗೆ ಒಂದು ಗುಟುಕು, ನಿದ್ದೆಗೆ ಒಂದು ಗುಟುಕು ಅಂತ ಹತ್ತಿದ್ದು ಈ ಚಟ. ಬಿಡುವ ಪ್ರಯತ್ನ ಇದು ಮೊದಲನೆಯದಲ್ಲ. ಒಮ್ಮೆ ಅಯ್ಯಪ್ಪನ ಮಾಲೆ ಹಾಕಿದ್ದ. ನಲವತ್ತೆಂಟು ದಿನ ಕನ್ನಡಿಯಂತೆ ಇದ್ದ. ಮಾಲೆ ತೆಗೆದ ಸಂಜೆಯೇ ಶುರುವಾಯಿತು. ಇನ್ನೊಮ್ಮೆ ಭಂಡಾರ ಮುಟ್ಟಿ ಆಣೆ ಮಾಡಿದ. ಮತ್ತೊಮ್ಮೆ ಕಾರ ಹುಣ್ಣಿಮೆಗೆ ಎತ್ತಿನ ಕೊರಳು ಹಿಡಿದು, ಅವನ ಹೆಂಡತಿ, ನಮ್ಮ ವೈನಿಯ ಎದುರಿಗೆ, ಅತ್ತುಕೊಂಡು. ಒಂದೂ ಸುಳ್ಳು ಆಣೆಯಲ್ಲ. ಮಾಡುವಾಗ ಅವನ ಮನಸ್ಸು ಪೂರ್ತಿ ಅದರಲ್ಲೇ ಇತ್ತು. ಆಣೆ ಬೆಳಗಿನ ಹೊತ್ತಿನ ಮಾತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಜತೆಗೆ ಕೂರಲು ಮನುಷ್ಯರು ಬೇಕು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಈ ಸಲ ಬಿಟ್ಟ ಮೂರನೇ ರಾತ್ರಿ ಅಣ್ಣ ಗೋಡೆಯ ಮೇಲೆ ಇರುವೆ ಸಾಲು ಹೊಂಟಾವ ಅಂತ ಕೈಯಿಂದ ಒರೆಸತೊಡಗಿದ. ಗೋಡೆ ಖಾಲಿ. ಮೈ ಸುಡುತ್ತಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗಾಳಿ ಬಡಿದದ ಅಂದರು ಕೆಲವರು. ಜೀಪು ಮಾಡಿ ವಿಜಯಪುರಕ್ಕೆ ಒಯ್ದೆವು. ಡಾಕ್ಟರು ಹೇಳಿದ್ದು ನನಗೆ ಬಾಯಿಪಾಠವಾಗಿ ಉಳಿದಿದೆ. ವರ್ಷಗಟ್ಟಲೆ ದಿನಾ ಕುಡಿದ ಮೈ ಒಮ್ಮೆಲೇ ಬಿಟ್ಟರೆ ಆರೆಂಟು ತಾಸಿನಲ್ಲಿ ನಡುಕ ಹತ್ತುತ್ತದೆ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನಕ್ಕೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು, ಅದರಲ್ಲಿ ಜೀವವೂ ಹೋಗಬಹುದು. ಬಿ-1 ಜೀವಸತ್ವದ ಇಂಜೆಕ್ಷನ್ನು, ನಡುಕ ತಡೆಯುವ ಗುಳಿಗೆ, ಆ ಗುಳಿಗೆಯನ್ನೂ ದಿನದಿನಕ್ಕೆ ಇಳಿಸುತ್ತ ಬರುವ ಲೆಕ್ಕ, ಎಲ್ಲವೂ ಡಾಕ್ಟರ ಕಣ್ಣೆದುರಿಗೇ ಆಗಬೇಕು. ಹಳೇ ಕುಡಕನನ್ನು ಕೋಣೆಯಲ್ಲಿ ಹಾಕಿ ಚಿಲಕ ಜಡಿದು ಬಿಡಿಸುವ ಧೈರ್ಯ ದಯವಿಟ್ಟು ಯಾರೂ ಮಾಡಬೇಡಿ. ಮೊದಲು ಆಸ್ಪತ್ರೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ಅದಕ್ಕೂ ಮೊದಲು ಒಂದು ಮಾತು ಕೇಳಬೇಕೆಂದರೆ 14416ಕ್ಕೆ ಫೋನು ಹಚ್ಚಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಅದು; ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆರನೇ ದಿನ ಅಣ್ಣ ಎದ್ದು ಕೂತ. ಡಾಕ್ಟರು ಚೀಟಿ ಬರೆದುಕೊಡುತ್ತ ಅಂದರು: “ಮೈ ತೊಳದು ಕೊಟ್ಟೀವ್ರಿ. ಇನ್ನ ಇವರಿಗೆ ಮಂದಿ ಬೇಕು. ಬಿಟ್ಟಂಥಾ ಮಂದಿ. ನಿಮ್ಮ ಕಡೆ ಅಂಥಾದ್ದು ಏನರ ಸಂಘ ಅದ ಏನು, ಹುಡುಕ್ರಿ.”

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ನಾನು ಹುಡುಕಲು ಶುರು ಮಾಡಿದೆ. ಮದ್ಯಚಟದ ಕೂಟ ಅಂದರೆ ಜಗತ್ತಿಗೆ ಗೊತ್ತಿರುವ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಬೆಂಗಳೂರು, ಮಂಗಳೂರಿನಲ್ಲಿ ಅದರ ಸಭೆಗಳು ನಡೆಯುತ್ತವೆ. ಅದು ಹುಟ್ಟಿದ ಕತೆಯೂ ಒಂದು ಸಂಜೆಯದೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ವ್ಯವಹಾರ ಕೈಕೊಟ್ಟಿತ್ತು, ಪರಊರು, ಕಿಸೆ ಖಾಲಿ. ಹೋಟೆಲಿನ ಹಜಾರದ ಒಂದು ಮಗ್ಗುಲಿಗೆ ಬಾರು, ಅದರೊಳಗಿನ ನಗೆ, ಗದ್ದಲ. ಇನ್ನೊಂದು ಮಗ್ಗುಲಿಗೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ಹೋದ. ನನ್ನಂಥ ಇನ್ನೊಬ್ಬ ಕುಡುಕ ಈ ಊರಲ್ಲಿದ್ದರೆ ಮಾತಾಡಬೇಕಾಗಿದೆ ಅಂತ ಚರ್ಚುಗಳಿಗೆ ಫೋನು ಮಾಡುತ್ತ ಹೋದ. ಕೊನೆಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರಿಗೂ ಅದೇ ಚಟ. ಇಬ್ಬರೂ ತಾಸುಗಟ್ಟಲೆ ಮಾತಾಡಿದರು. ಜೂನ್ 10ರಂದು ಬಾಬ್ ಕೊನೆಯ ಗುಟುಕು ಕುಡಿದರು. ಸಂಘ ಹುಟ್ಟಿದ ದಿನವೆಂದು ಅದನ್ನೇ ಎಣಿಸುತ್ತಾರೆ. 1957ರಲ್ಲಿ ಅದು ದೆಹಲಿಯ ಮೂಲಕ ನಮ್ಮ ದೇಶಕ್ಕೆ ಬಂತು. ಚಂದಾ ಇಲ್ಲ, ಹೆಸರು ಕೇಳುವುದಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು.

ಓದಿ ಹೇಳಿದೆ. ಅಣ್ಣ ಕೇಳಿದ್ದು ಒಂದೇ: “ಅಷ್ಟ ದೊಡ್ಡ ಡಾಕ್ಟರಗೂ ಹತ್ತಿತ್ತೇನು ಇದು?” ಎಷ್ಟೋ ದಿನದ ಮೇಲೆ ಅವನ ತಲೆ ಸ್ವಲ್ಪ ಮೇಲೆದ್ದದ್ದು ಕಂಡೆ.

ಅದೇ ಬೆಂಚಿನ ಇನ್ನೊಂದು ತುದಿಗೆ ಇಂಡಿ ಕಡೆಯ ಒಬ್ಬರು ಕೂತಿದ್ದರು. ಐವತ್ತರ ಆಸುಪಾಸು, ಬಿಳಿ ಟೊಪ್ಪಿಗೆ, ಮೊಣಕೈವರೆಗೆ ಮುಳ್ಳು ಗೀರಿದ ಗುರುತು. ಲಿಂಬೆ ತೋಟದಲ್ಲಿ ದುಡಿಯುವ ಕೈ ಅದು, ಕೇಳಬೇಕಾಗಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಮುಳ್ಳು ಆ ಕೈಗಳಿಗೆ ಮೊದಲಿನಿಂದಲೂ ಗೊತ್ತು. ಬಿಟ್ಟು ಎರಡು ವರ್ಷವಾದರೂ ತಿಂಗಳಿಗೊಮ್ಮೆ ತೋರಿಸಿಕೊಳ್ಳಲು ಬರುತ್ತಾರಂತೆ. ಅಣ್ಣನ ಕೈ ನೋಡಿಯೇ ತಿಳಿದುಕೊಂಡರು.

“ಎಷ್ಟು ದಿನ ಆತು?”

“ಆರು.”

“ಸಂಜಿಕ ಏನ ಮಾಡ್ತಿ?”

ಅಣ್ಣನಿಗೆ ಉತ್ತರ ಇರಲಿಲ್ಲ. ಅವರು ಸರಿದು ಹತ್ತಿರ ಬಂದರು.

“ಕೇಳಿಲ್ಲಿ. ಹಸದಿರಬ್ಯಾಡ. ಆರಕ್ಕ ರೊಟ್ಟಿ ಉಂಡು ಬಿಡು, ಹೊಟ್ಟಿ ತುಂಬಿದವಗ ಅದರ ನೆನಪ ಕಡಿಮಿ. ಸಿಟ್ಟ ಬಂದ್ರ ಎದ್ದು ನಡಿ. ದಣದಿದ್ರ ಮಲಗು. ಬಟವಡಿ ದಿನ ಕೈಯಾಗ ರೊಕ್ಕಾ ಇಟಗೋಬ್ಯಾಡ, ಹೆಣ್ತಿ ಕೈಯಾಗ ಕೊಡಸು. ಮತ್ತ ಒಬ್ಬಾವ ಇರಬ್ಯಾಡ. ನನ್ನ ನಂಬರ್ ತಗೋ.”

ಹಸಿವು, ಸಿಟ್ಟು, ದಣಿವು, ಒಂಟಿತನ. ಆಕ್ರನ್ನಿನ ಸಂಘದವರು ಈ ನಾಲ್ಕನ್ನೇ ಹುಷಾರಾಗಿರಬೇಕಾದ ಹೊತ್ತು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ ಅಂತ ಆಮೇಲೆ ಓದಿದೆ. ಇಂಡಿಯ ಈ ಕಾಕಾ ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಬಿದ್ದ ಪ್ರತಿ ಸಲವೂ ಯಾಕೆ ಬಿದ್ದೆ ಅಂತ ಲೆಕ್ಕ ಹಾಕಿ ಕಲಿತದ್ದು.

ಒಂದು ಅಂಕಿ ಇಲ್ಲಿ ಹೇಳಲೇಬೇಕು. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ಮಾಡಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ 5.7 ಕೋಟಿ ಜನಕ್ಕೆ ನೆರವು ಬೇಕು. ಚಟಕ್ಕೆ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆ ಬೆಂಚಿನ ಮೇಲೆ ಅಂಥವರು ಇಬ್ಬರಿದ್ದರು. ಮಿಕ್ಕವರು ಊರಲ್ಲಿದ್ದಾರೆ, ಕ್ರಾಸಿನಲ್ಲಿದ್ದಾರೆ, ಗೋವಾಕ್ಕೋ ಪುಣೆಗೋ ದುಡಿಯಲು ಹೋದಲ್ಲಿದ್ದಾರೆ.

ಸಂಘ ಹುಡುಕಿ ಕೊಟ್ಟದ್ದು ಮಾತ್ರ ನನ್ನ ಫೋನು ಅಲ್ಲ, ವೈನಿ. ವೈನಿಯ ತವರು ಬಸವನ ಬಾಗೇವಾಡಿ ಹತ್ತಿರದ ಹಳ್ಳಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಕೆ ತವರಿಗೆ ಹೋಗಿಬರುವುದು ಹೆಚ್ಚಾಗಿದೆ. ಅಲ್ಲಿ ಆಕೆಯ ಅಣ್ಣ ಮದ್ಯವರ್ಜನ ಶಿಬಿರದಲ್ಲಿ ಕೂತು ಬಿಟ್ಟವನು. “ನಮ್ಮಣ್ಣಗ ಕೇಳೂಣು ತಮ್ಮಾ” ಅಂದಳು. ಸ್ವಸಹಾಯ ಸಂಘದ ಹೆಂಗಸರಿಗೆ ಇಂಥ ಸುದ್ದಿ ಮೊದಲು ಗೊತ್ತಾಗುತ್ತದೆ. ಯಾರ ಮನೆಯ ವಾರದ ಕಂತು ತಪ್ಪಿತು ಅನ್ನುವುದರಲ್ಲೇ ಯಾರ ಗಂಡ ಎಷ್ಟು ಕುಡಿದ ಅನ್ನುವ ಲೆಕ್ಕವೂ ಇರುತ್ತದೆ. ಊರಲ್ಲಿ ನೆರವು ಹುಡುಕುವವರಿಗೆ ನನ್ನ ಸಲಹೆ ಇಷ್ಟೇ: ಮೊದಲು ಹೆಂಗಸರ ಸಂಘದಲ್ಲಿ ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಶಿಬಿರವೆಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರ ಜನಜಾಗೃತಿ ವೇದಿಕೆಯವರು ರಾಜ್ಯದ ತುಂಬ ನಡೆಸುತ್ತ ಬಂದಿರುವ ಎಂಟು ದಿನದ ವಾಸ. ಸಮುದಾಯ ಭವನವೋ ಕಲ್ಯಾಣ ಮಂಟಪವೋ ಗೊತ್ತು ಮಾಡಿ, ಊರ ಹಿರಿಯರೇ ಸಮಿತಿ ಕಟ್ಟಿಕೊಳ್ಳುತ್ತಾರೆ. ಬೆಳಗ್ಗೆ ವ್ಯಾಯಾಮ, ಭಜನೆ, ಔಷಧ, ಮಾತು. ನಡುವೆ ಒಂದು ದಿನ ಮನೆಯವರನ್ನು ಕರೆಸುತ್ತಾರೆ. ಆ ದಿನದ ಬಗ್ಗೆ ವೈನಿಯ ಅಣ್ಣ ಹೇಳಿದ್ದು: “ಹೆಣ್ತಿ ಕಾಲ ತೊಳದ್ವಿರಿ. ಆಕಿ ಪಾದದಾಗ ಬಿರಕು ಇದ್ವು. ಅಷ್ಟ ವರ್ಷ ಒಂದ ಮನ್ಯಾಗ ಇದ್ದು ನಾ ಅವನ್ನ ನೋಡಿದ್ದಿಲ್ಲ.”

ಎಂಟು ದಿನದ ಶಿಬಿರಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಅದರ ನಂತರದ ಏರ್ಪಾಡು. ಶಿಬಿರ ಮುಗಿಸಿದವರೆಲ್ಲ ನವಜೀವನ ಸಮಿತಿ ಎಂಬ ಕೂಟ ಕಟ್ಟಿಕೊಂಡು ಆಗಾಗ ಸೇರುತ್ತಾರೆ. ನೂರು ದಿನ ತುಂಬಿದರೆ ಶತದಿನೋತ್ಸವ. ಮದುವೆ, ಸೀಮಂತ, ಜಾತ್ರೆ ಎಲ್ಲಕ್ಕೂ ಹಬ್ಬ ಮಾಡುವ ನಾವು, ಒಬ್ಬ ಮನುಷ್ಯ ನೂರು ಸಂಜೆ ಗೆದ್ದದ್ದಕ್ಕೆ ಹಬ್ಬ ಮಾಡಬೇಕು ಅಂತ ತಿಳಿದ ಬುದ್ಧಿಗೆ ಕೈಮುಗಿಯಬೇಕು.

ವೈನಿಯ ಅಣ್ಣ ನಮ್ಮನ್ನು ಅಂಥದೊಂದು ಕೂಟಕ್ಕೆ ಕರೆದೊಯ್ದ. ಮುದ್ದೇಬಿಹಾಳ ತಾಲೂಕಿನ ಒಂದು ಊರು. ಹೆಸರು ಬರೆಯುವುದಿಲ್ಲ, ಕೂತವರ ಮಾತು ಅವರದು. ಹನುಮಪ್ಪನ ಗುಡಿಯ ಕಟ್ಟೆ. ಕೆಳಗೆ ಹದಿನಾಲ್ಕು ಜೋಡಿ ಚಪ್ಪಲಿ. ಮೇಲೆ ಒಂದು ಜಮಖಾನೆ, ಒಂದು ಬಲ್ಬು, ಅದರ ಸುತ್ತ ಹುಳ. ಒಳಗೆ ಪೂಜಾರಿ ದೀಪ ಹಚ್ಚಿ ಗಂಟೆ ಬಾರಿಸಿದಾಗ ಎಲ್ಲರೂ ಒಂದು ನಿಮಿಷ ಸುಮ್ಮನಾದರು. ಅದೇ ಹೊತ್ತು. ಏಳಕ್ಕೆ ಹತ್ತು ನಿಮಿಷ ಕಡಿಮೆ. ಆ ಹೊತ್ತಿನಲ್ಲಿ ಇವರೆಲ್ಲ ಹಿಂದೆ ಎಲ್ಲಿರುತ್ತಿದ್ದರೋ ಅಲ್ಲಿ ಈಗ ಇರಲಿಲ್ಲ.

ಒಬ್ಬ ಗೌಂಡಿ ಮೊದಲು ಮಾತಾಡಿದ. “ನನ್ನ ಮಗಳು ಸಾಲಿಯಿಂದ ಬರುವಾಗ ಸುತ್ತ ಹಾದಿ ಹಿಡದು ಬರ್ತಿದ್ದಳ್ರಿ. ನಾ ಬಿದ್ದಿರೂ ಹಾದಿ ಬಿಟ್ಟು. ಹ್ವಾದ ವಾರ ನೆಟ್ಟಗಿನ ಹಾದೀಲೆ ಬಂದ್ಳು.” ಅಷ್ಟು ಹೇಳಿ ಕೂತ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪಕ್ಕದವನು ಅವನ ಮೊಣಕಾಲಿನ ಮೇಲೆ ಕೈಯಿಟ್ಟ.

ಕಟ್ಟೆಯ ಕೆಳಗೆ, ಚಪ್ಪಲಿಗಳ ಹತ್ತಿರ, ಒಬ್ಬ ಹುಡುಗ ನಿಂತೇ ಇದ್ದ. ಅರವತ್ತೆರಡು ದಿನ ಬಿಟ್ಟವನು ಹಿಂದಿನ ರವಿವಾರ ಗೆಳೆಯನ ಮದುವೆಯಲ್ಲಿ ಕುಡಿದುಬಿಟ್ಟಿದ್ದ. ಹಿರಿಯರೊಬ್ಬರು ನೋಡಿ, “ಮ್ಯಾಲ ಬಾರಪಾ, ಚಪ್ಪಲಿ ಕಾಯಾಕ ಬಂದಿಯೇನು” ಅಂದರು. ಬಂದ. ಒಬ್ಬರೂ ಯಾಕೆ ಕುಡಿದೆ ಅನ್ನಲಿಲ್ಲ. ಆ ಮದುವೆಗೆ ಒಬ್ಬನೇ ಯಾಕೆ ಹೋದಿ, ನಮ್ಮಲ್ಲಿ ಒಬ್ಬರನ್ನ ಕರೀಬೇಕಿತ್ತು ಅಂದರು. ಬರುವ ತಿಂಗಳು ಅವನ ಅಕ್ಕನ ಮನೆಯ ಜವಳಕ್ಕೆ ಜತೆಗೆ ಹೋಗಲು ಇಬ್ಬರು ಅಲ್ಲೇ ಗೊತ್ತಾದರು. ಲೆಕ್ಕ ಮತ್ತೆ ಒಂದರಿಂದ.

ಅಮೆರಿಕದ ಸಂಘದಲ್ಲಿ ಹೆಸರು ಹೊರಗೆ ಹೇಳುವುದಿಲ್ಲ. ನಮ್ಮ ಹಳ್ಳಿಯಲ್ಲಿ ಹೆಸರು ಮುಚ್ಚುವುದು ಆಗದ ಮಾತು. ಕುಡಿದವನು ಗಟಾರದಲ್ಲಿ ಬಿದ್ದದ್ದನ್ನು ಇಡೀ ಊರು ನೋಡಿದೆ. ಬಿಟ್ಟದ್ದನ್ನು ನೋಡುವವರೇ ಇಲ್ಲ. ಇಲ್ಲಿ ಬೇಕಾದದ್ದು ಗುಟ್ಟಲ್ಲ, ಹಂಗಿಸದ ನಾಲ್ಕು ಜನ. ಹೆಂಡತಿಯರಿಗೂ ಅಂಥ ಜಾಗ ಬೇಕು. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಸಂಘ ಕಟ್ಟಿದಳು. ಗುಡಿಯ ಹಿಂದಿನ ಬೇವಿನ ಗಿಡದ ಕೆಳಗೆ ವೈನಿ ಇನ್ನು ನಾಲ್ಕೈದು ಹೆಂಗಸರ ಜತೆ ಕೂತಿದ್ದಳು. ಆಕೆ ಏನು ಮಾತಾಡಿದಳೋ ನಾನು ಕೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದಳು. ಆಕೆ ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಇಳಕಲ್ಲು ದೂರವಲ್ಲ. ಅಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿದರು. ಕಾಳು ಬೇಡಲಿಲ್ಲ, ಕಾಣಿಕೆ ಬೇಡಲಿಲ್ಲ, ನಿಮ್ಮ ಚಟ ಹಾಕಿರಿ ಅಂದರು. ಜನ ಬೀಡಿ, ಗುಟ್ಕಾ ಹಾಕಿದರು, ಕುಡಿಯುವುದಿಲ್ಲವೆಂಬ ಮಾತು ಹಾಕಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. 2018ರಲ್ಲಿ ಅವರು ಲಿಂಗೈಕ್ಯರಾದರೂ ಆ ಕಟ್ಟೆಯ ಮೇಲಿನ ಇಬ್ಬರು ಹಿರಿಯರು ಇನ್ನೂ “ನಂದು ಅಪ್ಪಗಳ ಜೋಳಗ್ಯಾಗ ಅದ” ಅನ್ನುತ್ತಾರೆ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆ ಇದು. ಶರಣರ ಸಾಲಿನಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಇದ್ದ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ಹನ್ನೆರಡು ವಚನ ಉಳಿದಿವೆ. ಸುತ್ತ ಕೂತು ತಮ್ಮ ತಪ್ಪನ್ನು ತಮ್ಮ ಬಾಯಿಂದಲೇ ಹೇಳಿಕೊಳ್ಳುವುದು ಈ ನೆಲಕ್ಕೆ ಯಾರೂ ಹೊರಗಿನಿಂದ ಕಲಿಸಬೇಕಾದ ವಿದ್ಯೆಯಲ್ಲ.

ಕಾಯ್ದೆಗಳು ಬಂದವು, ಹೋದವು. ನಮ್ಮ ವಿಜಯಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಇತ್ತು. 2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಪಾಕೀಟಿನ ಹೆಸರು ಬದಲಾಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರ ಬೇಡಿಕೆ ನ್ಯಾಯದ್ದು. ಅದು ಈಡೇರುವ ತನಕ ನಮ್ಮೂರ ಕ್ರಾಸಿನ ನಲವತ್ತು ಹೆಜ್ಜೆಗೆ ಏನಾದರೂ ಮಾಡಲೇಬೇಕಲ್ಲ.

ಮುದ್ದೇಬಿಹಾಳ ನಮಗೆ ದೂರ, ಬಾಗೇವಾಡಿಯೂ ದಿನಾ ಹೋಗುವ ದಾರಿಯಲ್ಲ. ನಮ್ಮ ಕಡೆಯೇ ಶಿಬಿರ ಇಡುವಂತೆ ವೈನಿಯ ಸಂಘದವರು ಕೇಳಿಕೊಂಡಿದ್ದಾರೆ. ಅಲ್ಲಿಯವರೆಗೆ ಅಣ್ಣನ ಸಂಘದಲ್ಲಿ ಇರುವವರು ಇಬ್ಬರೇ. ಆಕ್ರನ್ನಿನಲ್ಲೂ ಮೊದಲಿಗೆ ಇಬ್ಬರೇ ಇದ್ದರು.

ಚಹಾದಂಗಡಿಯಲ್ಲಿ ಅಣ್ಣನನ್ನು ನೋಡಿದ ಆ ಹನ್ನೊಂದನೇ ದಿನದಿಂದ ಈಗ ಎರಡು ತಿಂಗಳಾಗುತ್ತ ಬಂತು. ಮೊನ್ನೆ ಮತ್ತೆ ಸಿಂದಗಿಯಲ್ಲಿ ಸಿಕ್ಕ. ಆರೂವರೆಯ ಬಸ್ಸಿಗೇ ಹತ್ತಿದ. ನಾನೂ ಜತೆಗೆ ಹೋದೆ. ಕ್ರಾಸು ಬರುವ ಹೊತ್ತಿಗೆ ಅವನ ಫೋನು ಹೊಡಕೊಂಡಿತು. ಇಂಡಿಯ ಕಾಕಾ.

“ಎಲ್ಲಿದ್ದಿ?”

“ಈಗ ಇಳೀಲಾಕತ್ತೀನಿ ಕಾಕಾ.”

“ಉಂಡಿಯೇನು?”

“ಬುತ್ತಿ ಉಂಡ ಬಸ್ ಹತ್ತೀನಿ.”

ಇಳಿದೆವು. ಅಂಗಡಿಯ ಬಲ್ಬು ಉರಿಯುತ್ತಿತ್ತು, ಶಟರ್ ಪೂರ್ತಿ ಮೇಲಿತ್ತು. ಒಳಗಿನವ ಕತ್ತೆತ್ತಿ ನೋಡಿದ. ಅಣ್ಣನ ಬಲಗೈ ಕಿವಿಗೆ ಫೋನು ಹಿಡಿದಿತ್ತು, ಎಡಗೈಯಲ್ಲಿ ಖಾಲಿ ಬುತ್ತಿಯ ಚೀಲ. ಕಾಕಾ ಆ ಕಡೆಯಿಂದ ಲಿಂಬೆಯ ದರ ಬಿದ್ದದ್ದು, ಒಂದು ಗಿಡ ಒಣಗಿದ್ದು, ಎಮ್ಮೆ ಈದದ್ದು ಹೇಳುತ್ತಿದ್ದರು. ಅಣ್ಣ ಹೂಂ ಹೂಂ ಅನ್ನುತ್ತ ನಡೆದ. ಕರು ಹೆಣ್ಣೋ ಗಂಡೋ ಅಂತ ಅವನು ಕೇಳುವಾಗ ಅಂಗಡಿ ಹಿಂದೆ ಬಿದ್ದಿತ್ತು.